ಎಲೆಯ ಬೆನ್ನಿನ ಮರಿಗಳು

"ಇದಕ್ಕೆ ಕಣ್ಣೆಲ್ಲಿದೆ ಮೇಡಂ?" ಎನ್ನುತ್ತ ಬಡಾವಣೆ ಸಂಘದ ಅಧ್ಯಕ್ಷ ನಾಗಭೂಷಣ ಜರಿಗಿಡದ ಎಲೆಯನ್ನು ಹಿಂದುಮುಂದು ತಿರುಗಿಸಿದಾಗ ಸಭೆ ನಕ್ಕಿತು. ಪರಿಸರ ದಿನಕ್ಕೆಂದು ಅಳಿವಿನಂಚಿನ ಒಂದು ಜೀವಿಯ ಚಿತ್ರವನ್ನು ಅಟ್ಟೂರಿನ ಗೋಡೆಯೊಂದರ ಮೇಲೆ ಬರೆಸಬೇಕಿತ್ತು. ಜರಿಗಿಡಕ್ಕೆ ಎದುರಾಗಿ ಮೊಬೈಲಿನ ಪರದೆಯಲ್ಲಿ ಆಸ್ಟ್ರೇಲಿಯಾದ ಪ್ರಾಣಿಯೊಂದು ಕುಳಿತಿತ್ತು: ಇಲಿಯಷ್ಟು ಗಾತ್ರ, ದುಂಡು ಕಣ್ಣು, ಹೊಟ್ಟೆಚೀಲದಿಂದ ಇಣುಕುವ ಮರಿ.

ಎಲೆ ತಂದಿದ್ದವಳು ಸಸ್ಯಶಾಸ್ತ್ರದ ಅಧ್ಯಾಪಕಿ ಶಶಿರೇಖಾ. ಹಳೆಯ ಕಲ್ಯಾಣಿಯ ಕಲ್ಲುಗೋಡೆಯ ಒಸರಿನಲ್ಲಿ ಉಳಿದಿದ್ದ ಒಂದೇ ಬುಡ ಅದು. ಆ ಜಾತಿಯನ್ನು ಸುತ್ತಮುತ್ತ ಬೇರೆಲ್ಲೂ ಅವಳು ಕಂಡಿರಲಿಲ್ಲ. ಅವಳ ಮನೆತನದ ಬಾಣಂತಿಯರು ಅಲ್ಲಿ ಗಂಗೆಪೂಜೆ ಮಾಡಿ, ಅದರ ಒಂದು ಎಲೆಯನ್ನು ಮಡಿಲಿಗೆ ಹಾಕಿಸಿಕೊಂಡೇ ಮನೆಗೆ ಮರಳುತ್ತಿದ್ದರು.

"ಆ ಪ್ರಾಣಿ ಮರೀನ ಚೀಲದಲ್ಲಿ ಇಟ್ಕೊಳತ್ತೆ ಸಾರ್, ಇದು ಎಲೆ ಬೆನ್ನಲ್ಲಿ. ಈ ಕಂದು ಚುಕ್ಕೆ ಇದಾವಲ್ಲ, ಇವೇ ಇದರ ಮರಿಗಳು. ಪುಡಿ ಥರ ಉದುರಿ ಹೊಸ ಗಿಡ ಆಗತ್ತೆ."

"ಇರ್ಬೋದು ಮೇಡಂ. ಆದ್ರೆ ಗೋಡೆ ಮೇಲೆ ಸೊಪ್ಪು ಬರೆಸಿದ್ರೆ ಜನ ತರಕಾರಿ ಅಂಗಡಿ ಅಂದ್ಕೊಂಡು ಕೊತ್ತಂಬರಿ ಕೇಳ್ತಾರೆ ಕಣ್ರೀ."

ಕೈಗಳೆಲ್ಲ ಪ್ರಾಣಿಯ ಪರವಾಗಿ ಎದ್ದವು. ಎಲೆ ಟೀ ಲೋಟಗಳ ಜೊತೆ ಕಸದ ಬುಟ್ಟಿಗೆ ಹೋಯಿತು. ಚಿತ್ರ ಯಾವ ಗೋಡೆಗೆ ಎಂಬುದನ್ನು ಯಾರೂ ಹೇಳಲಿಲ್ಲ, ಅವಳೂ ಕೇಳಲಿಲ್ಲ ಎಂದು ಅಂದು ಕೈ ಎತ್ತಿದವರೇ ಈಗ ಹೇಳುತ್ತಾರೆ.

ಮುಂದಿನ ಭಾನುವಾರ ಅವಳ ಬಾಣಂತಿ ತಂಗಿ ಯಶೋಧಾಳ ಗಂಗೆಪೂಜೆ. ಎಲೆ ಬಿಡಿಸಿ ತರಲು ಅರಿಸಿನ ಕುಂಕುಮದ ತಟ್ಟೆ ಹಿಡಿದು ಬೆಳಿಗ್ಗೆಯೇ ಬಂದ ಶಶಿರೇಖಾ ಕಲ್ಯಾಣಿಯ ಮೇಲಿನ ಮೆಟ್ಟಿಲಲ್ಲೇ ನಿಂತಳು. ಕಲ್ಲುಗೋಡೆಗೆ ಉದ್ದಕ್ಕೂ ಸಿಮೆಂಟು ಮೆತ್ತಿ ಬಿಳಿ ಬಣ್ಣ ಬಳಿಯಲಾಗಿತ್ತು. ಅದರ ಮೇಲೆ ಪ್ರಾಣಿಯ ಕಣ್ಣೆರಡೂ ಆಗಲೇ ಮುಗಿದಿದ್ದವು. ಪೇಂಟರ್ ಮೊಯಿನುದ್ದೀನ್ ಹೊಟ್ಟೆಯ ಗೆರೆ ಎಳೆಯುತ್ತಿದ್ದ.

"ಇಲ್ಲೊಂದು ಗಿಡ ಇತ್ತಲ್ಲ ಭಾಯ್?"

"ಇತ್ತು ಮೇಡಂ. ಎಲೆ ಹಿಂದೆಲ್ಲ ಹುಳದ ಮೊಟ್ಟೆ, ಕಂದುಕಂದಾಗಿ. ಬಿಟ್ರೆ ನಿಮ್ ಮನೆ ಗಿಡಕ್ಕೂ ಹತ್ಕೊಳತ್ತೆ ಅಂತ ಬುಡಸಮೇತ ಕಿತ್ತು ಸುಟ್ಟಾಕ್ದೆ. ಸಂದಿಗೆಲ್ಲ ಆಸಿಡ್ ಬಿಟ್ಟು ಉಜ್ಜಿದೀನಿ. ಇನ್ನು ಬರಲ್ಲ ಬಿಡಿ."

ಅವನ ದನಿಯಲ್ಲಿ ಉಪಕಾರ ಮಾಡಿದವನ ಸಮಾಧಾನವಿತ್ತು. ಅವಳು ಗೋಡೆಯನ್ನೇ ನೋಡುತ್ತಿದ್ದುದನ್ನು ಮೆಚ್ಚುಗೆಯೆಂದೇ ಎಣಿಸಿ ಅವನು ಕುಂಚವನ್ನು ಕಂದು ಬಣ್ಣಕ್ಕೆ ಅದ್ದಿದ.

"ನೀವು ಓದಿದೋರು, ನೀವೇ ಹೇಳಿ ಮೇಡಂ. ಚೀಲದಲ್ಲಿ ಒಂದೇ ಮರಿ ಸಾಕಾ, ಎರಡು ಬರೀಲಾ?"