ಉಳಿಸಿಟ್ಟ ದನಿ

ಐದನೇ 'ಬಿ'ಯ ಐವತ್ತೆಂಟು ಮಕ್ಕಳಿಗೆ ಭಿನ್ನರಾಶಿ ಹೇಳಿಕೊಡುತ್ತಿದ್ದ ರಮಿತಾಳ ದನಿ ಬುಧವಾರ ಕೊನೆಯ ಪೀರಿಯಡ್‌ನಲ್ಲಿ ಇದ್ದಕ್ಕಿದ್ದಂತೆ ನಿಂತುಹೋಯಿತು. ತುಟಿ ಆಡುತ್ತಿತ್ತು, ಗಾಳಿಯಷ್ಟೇ ಹೊರಬರುತ್ತಿತ್ತು. ಮಕ್ಕಳಿಗೆ ಮೊದಲು ತಮಾಷೆ, ಆಮೇಲೆ ಗಾಬರಿ. ಬಿ.ಎಡ್. ಮುಗಿಸಿ ಐರೋಲಿಯ ಈ ಶಾಲೆ ಸೇರಿ ಮೂರೇ ತಿಂಗಳಾಗಿತ್ತು. ಗದ್ದಲ ಅಡಗಿಸಲು ಗದ್ದಲಕ್ಕಿಂತ ದೊಡ್ಡದಾಗಿ ಕೂಗುವುದೇ ದಾರಿ ಎಂದು ಆಕೆ ನಂಬಿದ್ದಳು. ಪಾಪ, ಹೊಸಬಳು!

ಸಂಜೆ ಮನೆಯಿದ್ದ ಡೊಂಬಿವಲಿಯಲ್ಲಿ ರೈಲುಗಾಡಿ ಇಳಿದವಳೇ ಡಾಕ್ಟರ್ ಮೋಹಿನಿಯ ಮುಂದೆ ಕೂತಳು. ಅವರೂ ರಮಿತಾಳಂತೆ ಉಡುಪಿ ಕಡೆಯವರು.

"ಒಂದು ವಾರ ಬಾಯಿ ಬಂದ್. ಪಿಸುಪಿಸು ಅಂತ ಸಹ ಮಾತಾಡ್ಲಿಕ್ಕಿಲ್ಲ."

ರಮಿತಾ ಚೀಟಿಯಲ್ಲಿ ಬರೆದು ತೋರಿಸಿದಳು: 'ರಜೆ ಸಿಗುವುದಿಲ್ಲ. ಕೆಲಸ ಇನ್ನೂ ಕಾಯಂ ಆಗಿಲ್ಲ. ಸೋಮವಾರ ಸೂಪರ್‌ವೈಸರ್ ನನ್ನ ಪಾಠ ನೋಡಲು ಬರುತ್ತಾರೆ.'

ಡಾಕ್ಟರ್ ನಿಟ್ಟುಸಿರಿಟ್ಟರು. "ಹಾಗಾದ್ರೆ ಎಲ್ಲಿ ಮಾತಾಡದಿದ್ರೂ ನಡೀತದೋ, ಅಲ್ಲಾದ್ರೂ ಸುಮ್ನಿರಿ."

ಅಂಥ ಜಾಗ ಒಂದೇ ಇತ್ತು, ಮನೆ. ಗಂಡ ಶೈಲೇಶ್ ವಾಶಿಯ ಹೋಟೆಲೊಂದರಲ್ಲಿ ಮ್ಯಾನೇಜರ್. ಅವನು ಬರುವಾಗ ತಾಯಿ ಮಗಳಿಗೆ ನಿದ್ದೆ ಹತ್ತಿರುತ್ತಿತ್ತು. ಉಳಿದವಳು ಆರು ವರ್ಷದ ಪ್ರೇಕ್ಷಾ. ಸಂಜೆಯವರೆಗೆ ಪಕ್ಕದ ಮನೆಯ ವಸಂತಿ ಅಕ್ಕನ ಹತ್ತಿರ ಇದ್ದು ಬರುವ ಮಗಳಿಗೆ ರಮಿತಾ ಕೈಸನ್ನೆ ಮಾಡಿ ಬಿ.ಎಡ್.ನಲ್ಲಿ ಓದಿದ್ದ ತರಗತಿಯ ಉಪಾಯವನ್ನೇ ಕಲಿಸಿದಳು. ಒಂದು ಚಪ್ಪಾಳೆ ಸ್ನಾನಕ್ಕೆ, ಎರಡು ಊಟಕ್ಕೆ, ಮೂರು ಮಲಗಲಿಕ್ಕೆ. ಪ್ರೇಕ್ಷಾ ಆಟವೆಂದುಕೊಂಡು ಕುಣಿದಳು. ಮೊದಲ ರಾತ್ರಿ, "ಕಹಾನಿ?" ಎಂದು ದಿನದ ಕಥೆ ಕೇಳಿದಳು. ರಮಿತಾ ಗಂಟಲು ಮುಟ್ಟಿ, ಬೆರಳಿನಿಂದ ಗಾಳಿಯಲ್ಲಿ ಶಾಲೆಯ ಗೇಟು ಬರೆದು, ದನಿ ಅಲ್ಲಿಗೆ ಬೇಕೆಂದು ತೋರಿಸಿದಳು. ಮರುದಿನ ಮಗು ಕೇಳಲೇ ಇಲ್ಲ.

ಶುಕ್ರವಾರ, ಶನಿವಾರ ಮನೆ ಗಡಿಯಾರದಂತೆ ನಡೆಯಿತು. ರಮಿತಾ ಹಗಲೆಲ್ಲ ಶಾಲೆಯಲ್ಲಿ ಅಷ್ಟಿಷ್ಟು ಮರಳಿದ ಒಡಕು ದನಿಯಲ್ಲೇ ಪಾಠ ಎಳೆದು, ಸಂಜೆ ಬಾಯಿಗೆ ಬೀಗ ಹಾಕಿಕೊಂಡು ನೋಟ್‌ಬುಕ್ಕುಗಳನ್ನು ತಿದ್ದುತ್ತ ಕೂರುತ್ತಿದ್ದಳು. ಎದುರಿನ ಗೋಡೆಗೆ ಒರಗಿ ಪ್ರೇಕ್ಷಾ ತನ್ನ ಗೊಂಬೆಗೆ ಚಪ್ಪಾಳೆ ತಟ್ಟುತ್ತಿದ್ದಳು. ಗೊಂಬೆಯ ಜೊತೆಗೂ ಮಾತಿಲ್ಲ! ಮನೆಗೆ ಮಾರಿ, ಊರಿಗೆ ಉಪಕಾರಿ ಎಂದು ರಮಿತಾ ತನ್ನನ್ನೇ ಬೈದುಕೊಂಡಳು, ಅದೂ ಮನಸ್ಸಿನಲ್ಲೇ. ಎರಡು ಜೀವ ಇದ್ದ ಮನೆಯಲ್ಲಿ ಅವಳಿಗೆ ಅಷ್ಟು ಒಂಟಿತನ ಎಂದೂ ಅನಿಸಿರಲಿಲ್ಲ.

ಭಾನುವಾರ ಮಧ್ಯಾಹ್ನ ಬಿಸಿನೀರು ಕುಡಿದು ಸುಮ್ಮನೆ ಕೆಮ್ಮಿದಳು. ದನಿ ಬಂತು! ಪೂರ್ತಿ, ಮೊದಲಿನ ಹಾಗೆಯೇ. ಖುಷಿಗೆ ಕಣ್ಣು ತುಂಬಿತು.

"ಪ್ರೇಕ್ಷಾ!"

ಮಗು ಬೆಚ್ಚಿಬಿದ್ದು ಬಾಗಿಲ ಕಡೆ ನೋಡಿತು, ಯಾರೋ ಬಂದರೆಂದು.

"ನಾನೇ ಮಗಾ. ಬಾ ಇಲ್ಲಿ, ಕಥೆ ಹೇಳ್ತೇನೆ. ಎಷ್ಟು ಬೇಕೋ ಅಷ್ಟು ಹೇಳ್ತೇನೆ."

ಪ್ರೇಕ್ಷಾ ಓಡಿಬಂದು ಮಡಿಲೇರಿದಳು. ಆದರೆ ಕಥೆ ಶುರುವಾಗುವ ಮೊದಲೇ ಪುಟ್ಟ ಅಂಗೈಯಿಂದ ಅಮ್ಮನ ಬಾಯಿ ಮುಚ್ಚಿದಳು.

"ಸಾಕು ಮಮ್ಮಾ, ದನಿ ವೇಸ್ಟ್ ಮತ್ ಕರ್. ನಾಳೆ ನಿನ್ನ ಮಕ್ಕಳಿಗೆ ಬೇಕಲ್ಲ."