ಬಲಗಡೆಯ ಬಾಗಿಲು

ತೀರ್ಪುಗಾರರು ಕಾರಿನ ಎಡಗಡೆಯನ್ನು ಮೂತಿಯಿಂದ ಬಾಲದವರೆಗೆ ನೋಡಿ, ಐವತ್ತಕ್ಕೆ ಐವತ್ತು ಅಂಕ ಬರೆದರು. ಆಮೇಲೆ ಬಲಗಡೆಗೆ ಬಂದವರು ಹಾಗೇ ನಿಂತುಬಿಟ್ಟರು.

“ಈ ಬಾಗಿಲು ಎಲ್ಲಿಂದ ಬಂತು ಮೇಸ್ತ್ರಿ?”

“ಎಡಗಡೆ ಇದ್ದ ಮೇಲೆ ಬಲಗಡೆನೂ ಇರಬೇಕಲ್ಲ ಸಾರ್!” ಎಂದು ಮೇಸ್ತ್ರಿ ನಕ್ಕ. ಅಪಘಾತದಲ್ಲಿ ನುಜ್ಜುಗುಜ್ಜಾದ ಕಾರುಗಳ ತಗಡು ಬಡಿದು ನೇರ ಮಾಡುವುದು ಅವನ ಕಸುಬು. ಇದೊಂದನ್ನು ಮಾತ್ರ ಹನ್ನೊಂದು ವರ್ಷ ತನಗಾಗಿ ಬಡಿದಿದ್ದ. ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗು, ಚೂಪು ಮೂತಿ, ಮೇಲಕ್ಕೆ ತೆರೆದುಕೊಳ್ಳುವ ಬಾಗಿಲು. ಯಾವುದೋ ಕಂಪನಿಯವರು ಪ್ರದರ್ಶನಕ್ಕೆಂದು ಇಂಥದ್ದನ್ನು ಒಂದೇ ಒಂದು ಮಾಡಿದ್ದರಂತೆ, ಆಮೇಲೆ ಅದೂ ಎಲ್ಲಿ ಹೋಯಿತೋ ದೇವರಿಗೇ ಗೊತ್ತು. ಉಳಿದದ್ದು ಕಾರು ಪತ್ರಿಕೆಯೊಂದರ ನಡುಪುಟದ ಬಣ್ಣದ ಚಿತ್ರ. ಹದಿನಾಲ್ಕರ ವಯಸ್ಸಿನಲ್ಲಿ ಕ್ಷೌರದಂಗಡಿಯಲ್ಲಿ ಕೂತಿದ್ದಾಗ ಮೇಸ್ತ್ರಿ ಆ ಪುಟವನ್ನು ಹರಿದು ಅಂಗಿಯೊಳಗೆ ಸೇರಿಸಿದ್ದ. ಚಿತ್ರದ ಚಕ್ರವನ್ನು ಸ್ಕೇಲಿನಲ್ಲಿ ಅಳೆದು, ಆ ಲೆಕ್ಕದ ಮೇಲೆ ಇಡೀ ಕಾರನ್ನು ಎಬ್ಬಿಸಿದ್ದ.

ನಿಂತುಹೋಗಿದ್ದ ಅದೇ ಪತ್ರಿಕೆ ಈಗ ಮತ್ತೆ ಹೊರಬರುವುದರಲ್ಲಿತ್ತು. ಹಳೆಯ ಸಂಚಿಕೆಗಳಲ್ಲಿ ಬಂದು ಮಾಯವಾದ ಕಾರುಗಳನ್ನು ಇದ್ದದ್ದು ಇದ್ದ ಹಾಗೇ ಮತ್ತೆ ಕಟ್ಟಿದವರಿಗೆ ಸ್ಪರ್ಧೆ. ಗೆದ್ದ ಕಾರಿಗೆ ಮೊದಲ ಸಂಚಿಕೆಯ ನಡುಪುಟ. ಕಪ್, ಶಾಲು ಯಾರಿಗೆ ಬೇಕು! ಆ ನಡುಪುಟದಲ್ಲಿ ತನ್ನ ಕಾರು ಅಚ್ಚಾಗಬೇಕು. ಅದಕ್ಕಾಗಿ ಮೇಸ್ತ್ರಿ ಎರಡು ರಾತ್ರಿ ಕಣ್ಣು ಮುಚ್ಚಿರಲಿಲ್ಲ.

“ಮೂಲದಲ್ಲಿ ಬಲಗಡೆ ಅನ್ನೋದೇ ಇರಲಿಲ್ಲ,” ಎಂದರು ತೀರ್ಪುಗಾರರು. “ಆ ಫೋಟೋ ತೆಗೆದವನು ನಾನೇ. ಎಡಗಡೆ ಮುಗಿಸೋ ಹೊತ್ತಿಗೆ ಪ್ರದರ್ಶನದ ದಿನ ಬಂದುಬಿಡ್ತು. ಬಲಗಡೆಗೆ ಪ್ಲೈವುಡ್ ಹೊಡೆದು ಗೋಡೆ ಕಡೆ ತಿರುಗಿಸಿ ನಿಲ್ಲಿಸಿದ್ರು. ಇಂಜಿನ್ನೂ ಇಲ್ಲ. ಫೋಟೋಗೆ ಅಂತ ಇಳಿಜಾರಲ್ಲಿ ನಾಲ್ಕು ಜನ ತಳ್ಳಿ ಬಿಟ್ರು, ನಾನು ಕ್ಲಿಕ್ ಮಾಡಿದೆ.”

ಮೇಸ್ತ್ರಿಯ ಮುಖ ಇಂಗು ತಿಂದ ಮಂಗನಂತಾಯಿತು. “ಅಂದ್ರೆ ಇಷ್ಟು ವರ್ಷ ನಮಗೆ ಸುಳ್ಳು ತೋರಿಸಿದ್ರಾ ಸಾರ್?”

“ಸುಳ್ಳಲ್ಲಪ್ಪ. ಅರ್ಧ ತೋರಿಸಿದ್ವಿ. ಇನ್ನರ್ಧ ನೀವೇ ನಂಬ್ಕೊಂಡ್ರಿ.”

ಹಿಂದೆ ನಿಂತಿದ್ದ ಮೇಸ್ತ್ರಿಯ ಹೆಂಡತಿಗೆ ತಡೆಯಲಾಗಲಿಲ್ಲ. “ಅಡುಗೆಮನೆ ಕಪಾಟಿಗೆ ಒಂದು ಬಾಗಿಲು ಹಾಕ್ಕೊಡಿ ಅಂತ ಹನ್ನೊಂದು ವರ್ಷದಿಂದ ಬಾಯಿ ಬಡ್ಕೊಂಡೆ. ಅದಕ್ಕೆ ಪುರುಸೊತ್ತಿಲ್ಲ. ಇಲ್ಲದ ಕಾರಿಗೆ ಇಲ್ಲದ ಬಾಗಿಲು ಹಾಕಿದಾರೆ, ನನ್ನ ಪುಣ್ಯ!”

ಅಷ್ಟರಲ್ಲಿ ಸ್ಪರ್ಧೆಯ ಕಾರ್ಯದರ್ಶಿ ನಿಯಮಗಳ ಪುಸ್ತಕ ಹಿಡಿದು ಬಂದ. ಮೂಲದಲ್ಲಿ ಇಲ್ಲದ್ದೇನಿದ್ದರೂ ಅಂಕ ಕಡಿತ. ಬಲಗಡೆಗೆ ಸೊನ್ನೆ. ಹಳೆಯ ಟ್ಯಾಕ್ಸಿಯಿಂದ ಕಿತ್ತು ಕೂರಿಸಿದ ಇಂಜಿನ್ನಿಗೆ ಹತ್ತು ಕಡಿತ. ಮೂತಿಯ ನಡುವಿನ ಎರಡು ಸೀಳು ಯಾಕೆಂದು ಕೇಳಿದಾಗ ಮೇಸ್ತ್ರಿ ಗಾಳಿಗೆಂದ, ಚಿತ್ರದಲ್ಲೇ ಇದೆಯೆಂದು ಪುಟ ತೆಗೆದು ತೋರಿಸಿದ. ತೀರ್ಪುಗಾರರು ಕನ್ನಡಕ ಏರಿಸಿ ನೋಡಿ, ಅದು ಪತ್ರಿಕೆಗೆ ಹೊಡೆದ ಪಿನ್ನಿನ ತುಕ್ಕು ಎಂದರು. ಅದಕ್ಕೂ ಎರಡು ಹೋಯಿತು.

“ಬೇಜಾರಾಗಬೇಡಿ,” ಎಂದ ಕಾರ್ಯದರ್ಶಿ. “ಐದು ಗಂಟೆವರೆಗೆ ಟೈಮಿದೆ. ಈ ಬಾಗಿಲು ಕಿತ್ತು ಪ್ಲೈವುಡ್ ಹೊಡೀರಿ, ಇಂಜಿನ್ ಇಳಿಸಿ, ಆ ಸೀಳು ಮುಚ್ಚಿ. ನೂರಕ್ಕೆ ನೂರು ಗ್ಯಾರಂಟಿ.”

ಮೇಸ್ತ್ರಿ ಪಾನಾ ತೆಗೆದುಕೊಂಡ. ನಡುಪುಟ ಕೈಗೆಟಕುವ ದೂರದಲ್ಲಿತ್ತು. ಬಾಗಿಲ ತಿರುಗಣಿಯ ಮೊದಲ ಬೋಲ್ಟಿಗೆ ಪಾನಾ ಸಿಕ್ಕಿಸಿದ್ದೂ ಆಯಿತು. ಕೈ ಮಾತ್ರ ತಿರುಗಲೊಲ್ಲದು.

“ರೀ, ಬೇಡ,” ಎಂದಳು ಹೆಂಡತಿ. ಈಗ ಅವಳ ದನಿಯಲ್ಲಿ ಕೊಂಕಿರಲಿಲ್ಲ. “ಈ ಬಾಗಿಲು ಕೂರಬೇಕಾದ್ರೆ ಎಷ್ಟು ಸಲ ಕೈ ಕುಯ್ಕೊಂಡ್ರಿ ಅಂತ ನನಗೆ ಗೊತ್ತು. ಕಪಾಟಿಗೆ ಬಾಗಿಲಿಲ್ಲದೆ ನಾನು ಬದುಕಿದೀನಿ. ಇದನ್ನ ಕಿತ್ರೆ ನೀವು ಬದುಕಲ್ಲ.”

ಮೇಸ್ತ್ರಿ ಪಾನಾ ಒಳಗಿಟ್ಟ. ಅಂಕಪಟ್ಟಿಗೆ ಸಹಿ ಹಾಕಿ, ಮೂವತ್ತೆಂಟು ಅಂಕದೊಂದಿಗೆ ಕೊನೆಯ ಸ್ಥಾನ ಒಪ್ಪಿಕೊಂಡ.

ಮೊದಲ ಬಹುಮಾನ ಟೈಲ್ಸ್ ವ್ಯಾಪಾರಿಯೊಬ್ಬರ ಬೆಳ್ಳಿ ಬಣ್ಣದ ಕಾರಿಗೆ ಬಂತು. ಅವರು ನಿಯಮ ಓದಿಕೊಂಡೇ ಬಂದಿದ್ದರು. ಮೂಲದಂತೆಯೇ ಒಳಗೆ ಇಂಜಿನ್ ಇಲ್ಲ, ಸೀಟು ರಟ್ಟಿನದು, ಹೆಡ್‌ಲೈಟು ಬಣ್ಣದಲ್ಲಿ ಬರೆದದ್ದು. ನೂರಕ್ಕೆ ನೂರು. ಬಂದ ತೊಂದರೆ ಒಂದೇ: ಗೆದ್ದ ಕಾರು ಹೋಗಿ ನಿಲ್ಲಬೇಕಾದ ವೇದಿಕೆ ಏರಿನ ಮೇಲಿತ್ತು. ಎಂಟು ಜನ ಹೆಗಲು ಕೊಟ್ಟು ತಳ್ಳಿದರು, ಏದುಸಿರು ಬಿಟ್ಟರು. ಕಾರು ಜಪ್ಪಯ್ಯ ಎಂದರೂ ಅಲ್ಲಾಡಲಿಲ್ಲ. ಬೇರೆ ವಾಹನಗಳನ್ನೆಲ್ಲ ಗೇಟಿನಾಚೆಯೇ ತಡೆದಿದ್ದರು. ಸ್ಪರ್ಧೆಯ ಉಳಿದ ಕಾರುಗಳೂ ಮೂಲದಂತೆ ಇಂಜಿನ್ ಇಲ್ಲದವೇ. ಇಡೀ ಮೈದಾನದಲ್ಲಿ ಸ್ಟಾರ್ಟ್ ಆಗುವ ಕಾರು ಒಂದೇ ಇತ್ತು.

ಕಾರ್ಯದರ್ಶಿ ಹಗ್ಗ ಹಿಡಿದು ಓಡಿಬಂದ. “ಮೇಸ್ತ್ರಿ, ಸ್ವಲ್ಪ ಎಳೆದುಕೊಡಿ!”

“ಈ ಇಂಜಿನ್ನಿಗೇ ಅಲ್ವೇನ್ರೀ ನೀವು ಹತ್ತು ಅಂಕ ಕಡಿದಿದ್ದು?”

“ಅದು ಬೇರೆ, ಇದು ಬೇರೆ ಮೇಸ್ತ್ರಿ!”

ಮೇಸ್ತ್ರಿಗೆ ಇಲ್ಲವೆನ್ನಲು ಬರುತ್ತಿರಲಿಲ್ಲ, ಕಸುಬೇ ಅಂಥದ್ದು. ಚಿತ್ರದಲ್ಲಿದ್ದ ಹಾಗೇ ಸ್ಟಿಯರಿಂಗ್ ಎಡಗಡೆಗಿತ್ತು; ಹೆಂಡತಿ ಬಲಗಡೆಯ ಬಾಗಿಲೆತ್ತಿ ಅವನ ಪಕ್ಕ ಕೂತಳು. ಇಂಜಿನ್ ಗುರ್ರೆಂದಿತು, ಹಗ್ಗ ಬಿಗಿಯಾಯಿತು, ಹಿಂದಿನ ಬೆಳ್ಳಿ ಕಾರು ಗಾಂಭೀರ್ಯದಿಂದ ಏರು ಹತ್ತತೊಡಗಿತು. ಜನ ಚಪ್ಪಾಳೆ ತಟ್ಟಿದರು. ನಡುಪುಟದ ಚಿತ್ರಕ್ಕಾಗಿ ತೀರ್ಪುಗಾರರೇ ಕ್ಯಾಮೆರಾ ಹಿಡಿದು ಪಕ್ಕದಲ್ಲಿ ಮಂಡಿಯೂರಿದ್ದರು.

ಮೇಸ್ತ್ರಿ ಕಿಟಕಿಯಿಂದ ತಲೆ ಹೊರಹಾಕಿದ. “ಸಾರ್, ನನ್ನ ಕಾರಿನ ಬಾಲನಾದ್ರೂ ಬರತ್ತಾ?”

“ಇಲ್ಲಪ್ಪ, ಹಗ್ಗನೂ ಬರಲ್ಲ,” ಎಂದರು ಅವರು, ಕ್ಯಾಮೆರಾದಿಂದ ಕಣ್ಣು ಕೀಳದೆ. “ತಾನಾಗೇ ಓಡ್ತಿರೋ ಹಾಗೆ ಕಾಣತ್ತೆ. ಈ ಕೆಲಸ ನನಗೆ ಹೊಸದಲ್ಲ.”