ಹದಿನೇಳನೇ ಟ್ಯೂಬಿನ ಹಳದಿ

“ಇದರಲ್ಲಿರೋದು ನಿನ್ನ ರಕ್ತ ಅಲ್ಲ ತಾನೇ, ಎಸೆಟಾ?”

ಲ್ಯಾಬಿನ ಮುಖ್ಯಸ್ಥ ಬ್ರೈಸ್ ಕೇಳಿದ್ದು ಮೆತ್ತಗೆ. ಬಾಗಿಲು ಹಾಕಿಕೊಂಡು ಕೇಳಿದ್ದರಿಂದ ಅದು ಬೈಗುಳಕ್ಕಿಂತ ಹೆಚ್ಚಾಗಿ ನಾಟಿತು. ಮೇಜಿನ ಮೇಲೆ ಎರಡು ಟ್ಯೂಬುಗಳಿದ್ದವು. ಒಂದರಲ್ಲಿ ಎಸೆಟಾಳದೇ ರಕ್ತ. ಆರೋಗ್ಯವಂತರ ರಕ್ತಕ್ಕೆ ಎಷ್ಟು ಬಣ್ಣ ಬರುತ್ತದೆಂದು ಹೋಲಿಸಿ ನೋಡಲು ಆ ಲ್ಯಾಬಿನವರು ಸರದಿಯ ಮೇಲೆ ತಮ್ಮ ತೋಳನ್ನೇ ಒಡ್ಡುತ್ತಿದ್ದರು. ಇನ್ನೊಂದು ಹದಿನೇಳನೇ ನಂಬರಿನದು. ಎರಡೂ ಅಚ್ಚ ಅರಿಶಿನದ ಬಣ್ಣ.

ಹದಿನೇಳು ಹಳದಿಯಾಗುವಂತಿರಲಿಲ್ಲ.

ವಿಷಯ ಸರಳ. ರಕ್ತದಲ್ಲಿ ಮೈಯ ಕಸ ಕರಗಿಸುವ ಒಂದು ಕಿಣ್ವವಿದ್ದರೆ ನೀರಿನಂತಿರುವ ದ್ರಾವಣ ಹಳದಿಯಾಗುತ್ತದೆ. ಇಲ್ಲದಿದ್ದರೆ ನೀರು ನೀರಾಗಿಯೇ ಉಳಿಯುತ್ತದೆ. ಅಂಥ ಮಗುವಿನ ಮೈಯಲ್ಲಿ ಕಸ ಕೂಡುತ್ತಾ ಹೋಗಿ ಮೊದಲು ಕಾಲು, ಆಮೇಲೆ ಮಾತು, ಕೊನೆಗೆ ಉಸಿರು ನಿಲ್ಲುತ್ತದೆ. ಹದಿನೇಳನೇ ನಂಬರಿನ ಹುಡುಗಿ ಲಾಂಗಿಗೆ ಒಂಬತ್ತು ವರ್ಷ. ಕಾಲು ಆಗಲೇ ಹೋಗಿತ್ತು, ಮಾತು ಹೋಗುತ್ತಾ ಇತ್ತು. ಹೊಸ ಔಷಧಿ ಶುರುವಾದ ಮೇಲೆ ನಡೆದ ಎರಡು ಪರೀಕ್ಷೆಗಳಲ್ಲೂ ಬರೀ ನೀರು. ಮೂರನೆಯದರಲ್ಲೂ ನೀರೇ ಆದರೆ ಔಷಧಿ ನಿಲ್ಲಿಸುವುದೆಂದು ವೈದ್ಯರು ತೀರ್ಮಾನಿಸಿದ್ದರು. ಬೇರೆ ಔಷಧಿ ಇರಲಿಲ್ಲ.

“ಹದಿನೇಳು ನಿನ್ನ ಅಣ್ಣನ ಮಗಳು ಅಂತ ನನಗೆ ಇವತ್ತು ಗೊತ್ತಾಯ್ತು,” ಎಂದ ಬ್ರೈಸ್. “ನೀನು ಹೇಳಲೇ ಇಲ್ಲ.”

“ಹೇಳಿದ್ರೆ ನನ್ನ ಕೈಗೆ ಕೊಡ್ತಿದ್ರಾ?”

“ಇಲ್ಲ.”

“ಅದಕ್ಕೇ ಹೇಳಲಿಲ್ಲ. ಆದ್ರೆ ಮೋಸ ಮಾಡಿಲ್ಲ ಬ್ರೈಸ್. ಬೇಕಿದ್ರೆ ಬೈಬಲ್ ಮುಟ್ಟಿ ಹೇಳ್ತೀನಿ.”

“ಬೈಬಲ್ ಬೇಡ. ಮಿಕ್ಕಿರೋ ರಕ್ತ ಕೊಡು, ನಾನೇ ಮಾಡಿ ನೋಡ್ತೀನಿ. ನೀನು ಅಲ್ಲಿ ಕೂತ್ಕೋ. ಏನೂ ಮುಟ್ಟಬೇಡ.”

ಹದಿನಾಲ್ಕು ವರ್ಷ ದುಡಿದ ಜಾಗದಲ್ಲಿ ಎಸೆಟಾ ಕೈಕಟ್ಟಿ ಕೂತಳು. ಸುಳ್ಳೇಕೆ, ಹಿಂದಿನ ದಿನ ಅವಳಲ್ಲಿ ಆ ಆಸೆ ಹುಟ್ಟಿತ್ತು. ತನ್ನ ರಕ್ತದ ನಾಲ್ಕು ಹನಿ ಬೆರೆಸಿದರೆ ಯಾರಿಗೆ ತಿಳಿದೀತು? ಫ್ರಿಜ್ಜಿನ ಬಾಗಿಲನ್ನೂ ತೆರೆದಿದ್ದಳು. ಅಳುತ್ತಾ ಹಾಗೇ ಮುಚ್ಚಿದ್ದಳು. ಈಗ ಮಾಡದ ತಪ್ಪಿಗೆ ಕಟಕಟೆಯಲ್ಲಿ ನಿಂತಂತಾಗಿತ್ತು.

ಬ್ರೈಸ್ ರಕ್ತದ ಬಿಳಿ ಕಣಗಳನ್ನು ಬೇರ್ಪಡಿಸಿದ. ದ್ರಾವಣ ಹಾಕಿ ಕಾದ. ಕೊನೆಗೆ ಕ್ಷಾರದ ಹನಿ ಬಿಟ್ಟ.

ಹಳದಿ.

ಅವನು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದ. “ತಪ್ಪಾಯ್ತು ಎಸೆಟಾ. ನಿನ್ನನ್ನ ಅನುಮಾನಿಸಬಾರದಿತ್ತು. ಇನ್ನು ಔಷಧಿ ನಿಲ್ಲಿಸೋ ಮಾತೇ ಇಲ್ಲ. ಆದ್ರೂ ಇಷ್ಟು ಚೆನ್ನಾಗಿ ಬಂದಿದ್ದನ್ನ ಒಂದೇ ಸಲಕ್ಕೆ ನಂಬೋಕಾಗಲ್ಲ. ಸೋಮವಾರ ಬೆಳಿಗ್ಗೆ ನರ್ಸ್ ಇನ್ನೊಂದು ಸಲ ಅವರ ಮನೆಗೆ ಹೋಗಿ ರಕ್ತ ತಗೊಳ್ಳಲಿ.”

“ಹತ್ತು ಸಲ ತಗೊಳ್ಳಲಿ,” ಎಂದಳು ಎಸೆಟಾ. ಅಲ್ಲೇ ಮುಖ ಮುಚ್ಚಿಕೊಂಡು ಅತ್ತಳು.

ಭಾನುವಾರ ಮಾಂಗೆರೆಯಲ್ಲಿ ಅಣ್ಣನ ಮನೆಯ ಹಿತ್ತಿಲು ತುಂಬಿತ್ತು. ಚರ್ಚಿನಿಂದ ಬಂದವರು ಬಿಳಿ ಬಟ್ಟೆಯಲ್ಲೇ ಕೂತಿದ್ದರು. ಕಾದ ಕಲ್ಲಿನ ಮೇಲೆ ಹಂದಿಮಾಂಸ, ಕೆಸುವಿನ ಗಡ್ಡೆ, ತೆಂಗಿನಹಾಲು ತುಂಬಿ ಸುತ್ತಿದ ಕೆಸುವಿನೆಲೆ ಬೇಯುತ್ತಿದ್ದವು. ಅಣ್ಣ ನಾಲ್ಕು ಮಾತಾಡಲು ಎದ್ದು, ಎರಡಕ್ಕೇ ಕಣ್ಣೊರೆಸಿಕೊಂಡು ಕೂತುಬಿಟ್ಟ. ವರ್ಷದಿಂದ ಹಾಡೇ ಮರೆತಿದ್ದ ಅತ್ತಿಗೆ ಆವತ್ತು ಎಲ್ಲರಿಗಿಂತ ಎತ್ತರದ ದನಿಯಲ್ಲಿ ಹಾಡಿದಳು. ಕೇಳುತ್ತಾ ಎಸೆಟಾಳಿಗೆ ಹೊಟ್ಟೆ ತುಂಬಿದಂತಾಯಿತು.

ಲಾಂಗಿಯ ತಂಗಿ ಮಸೀನಾ ಬಂದು ಸೆರಗಿಗೆ ಜೋತುಬಿದ್ದಂತೆ ಎಸೆಟಾಳ ಅಂಗಿ ಹಿಡಿದಳು. ಒಂದು ವರ್ಷ ಚಿಕ್ಕವಳು. ಎತ್ತರದಲ್ಲಿ ಈಗ ಅಕ್ಕನ ಸಮ.

“ಅತ್ತೆ, ಹಳದಿ ಬಂದ್ರೆ ಅಕ್ಕ ನಡೀತಾಳಾ?”

“ದಿನ ಹಿಡಿಯುತ್ತೆ ಪುಟ್ಟಿ. ಆದ್ರೆ ಔಷಧಿ ಕೊಡ್ತಾನೇ ಇರ್ತಾರೆ.”

“ಹಾಗಾದ್ರೆ ಒಳ್ಳೇದೇ ಆಯ್ತು,” ಎಂದು ಮಸೀನಾ ಒಳಗೆ ಓಡಿದಳು.

ಮಕ್ಕಳ ಅಜ್ಜಿ ಅಕ್ಕಪಕ್ಕದವರಿಗೆ ಮೂರನೇ ಸಲ ಅದೇ ಕಥೆ ಹೇಳುತ್ತಿದ್ದಳು. “ನನಗೆ ಮಂಗಳವಾರವೇ ಗೊತ್ತಾಯ್ತು ಕಣ್ರೇ! ಸೂಜಿ ಕಂಡ್ರೆ ಸೂರು ಹಾರಿಹೋಗೋ ಹಾಗೆ ಕಿರುಚೋ ಮಗು, ಈ ಸಲ ಕಮಕ್ ಕಿಮಕ್ ಅನ್ನಲಿಲ್ಲ. ಬಂದಿದ್ದು ಹೊಸ ನರ್ಸಮ್ಮ. ಮನೆಗೆ ಬಂದವಳನ್ನ ಬರೀ ಬಾಯಲ್ಲಿ ಕಳಿಸೋದಾ? ಒಂದು ಲೋಟ ಕೋಕೋ ಕಾಯಿಸಿ ತರೋದ್ರೊಳಗೆ ಎಲ್ಲಾ ಮುಗಿದೇ ಹೋಗಿತ್ತು.”

“ನಿಮ್ಮ ಕೋಕೋಗೆ ಹೆದರಿ ಬೇಗ ಮುಗಿಸಿದ್ಲು ಬಿಡಿ,” ಎಂದಳು ಪಕ್ಕದ ಮನೆಯವಳು. ಹಿತ್ತಿಲೆಲ್ಲ ನಕ್ಕಿತು. ಅಜ್ಜಿಯೂ ನಕ್ಕಳು.

ಎಸೆಟಾ ಮೆತ್ತಗಿನ ಗಡ್ಡೆಯನ್ನು ತೆಂಗಿನಹಾಲಿನಲ್ಲಿ ಕಿವುಚಿ, ಲಾಂಗಿಗೆ ತಿನ್ನಿಸಲೆಂದು ತಟ್ಟೆ ಹಿಡಿದು ಒಳಗೆ ಹೋದಳು. ಕೋಣೆಯ ಪರದೆ ಎಳೆದಿತ್ತು. ಒಳಗಿನಿಂದ ಲಾಂಗಿಯ ಅಳು ಕೇಳಿಸಿತು. ನಾಳೆ ಮತ್ತೆ ಸೂಜಿಯೆಂದು ಯಾರೋ ಬಾಯಿಬಿಟ್ಟಿರಬೇಕು. ಎಸೆಟಾ ಪರದೆ ಸರಿಸಿದಳು. ಅಕ್ಕ ತಂಗಿ ಇಬ್ಬರೂ ಒಂದೇ ಹೊದಿಕೆಯೊಳಗೆ ತಲೆಯವರೆಗೆ ಮುಸುಕು ಹಾಕಿಕೊಂಡು ಮಲಗಿದ್ದರು. ಅವಳು ಬಂದದ್ದು ಇಬ್ಬರಿಗೂ ತಿಳಿಯಲಿಲ್ಲ. ಮಸೀನಾ ಪಿಸುಗುಟ್ಟುತ್ತಿದ್ದಳು.

“ಅಳಬೇಡ ಅಕ್ಕಾ. ನಾಳೆನೂ ನೀನು ಹೀಗೇ ಸುಮ್ನೆ ಮಲಗಿರು, ಹೋದ ಸಲದ ಹಾಗೆ ನನ್ನ ಕೈನೇ ಆಚೆ ಚಾಚ್ತೀನಿ.”